ಮೌನಿಯ ಹೆಸರು ಹೊತ್ತ ಆಲ್ಬಮ್‌ಗಳು

ಪುಣೆ ಕ್ಯಾಂಪ್‌ನ ಬಟ್ಲರ್ ಮೊಹಲ್ಲಾದಲ್ಲಿ ಬೆಳೆದ ಇರಾನಿ ಹುಡುಗನೊಬ್ಬನ ಹೆಸರು 1971ರಲ್ಲಿ ಲಂಡನ್ನಿನ ರಾಕ್ ಹಾಡೊಂದರ ಶೀರ್ಷಿಕೆಗೆ ಸೇರಿತು. ಹಾಡು ‘ಬಾಬಾ ಓ’ರೈಲಿ’, ಆಲ್ಬಮ್ ‘ಹೂಸ್ ನೆಕ್ಸ್ಟ್’, ತಂಡ ‘ದಿ ಹೂ’. ಈ ಹೂ ಕನ್ನಡದ ಹೂವಲ್ಲ, ಇಂಗ್ಲಿಷಿನ ‘ಯಾರು’. ಶೀರ್ಷಿಕೆಯ ಬಾಬಾ ಎಂದರೆ ಮೆಹೆರ್ ಬಾಬಾ. ಓ’ರೈಲಿ ಎಂಬುದು ಅಮೆರಿಕದ ಸಂಗೀತ ರಚನಕಾರ ಟೆರಿ ರೈಲಿಯ ಹೆಸರಿನಿಂದ ಬಂದದ್ದು. ಐದು ನಿಮಿಷದ ಆ ಹಾಡಿನ ಸಾಹಿತ್ಯದಲ್ಲಿ ಮಾತ್ರ ಶೀರ್ಷಿಕೆ ಎಲ್ಲಿಯೂ ಬರುವುದಿಲ್ಲ.

ಮೆಹೆರ್ ಬಾಬಾ ಅವರ ಮೂಲ ಹೆಸರು ಮೆರ್ವಾನ್ ಶೆರಿಯಾರ್ ಇರಾನಿ. 1894ರ ಫೆಬ್ರುವರಿ 25ರಂದು ಪುಣೆಯ ಝರತುಷ್ಟ್ರ ಧರ್ಮದ ಕುಟುಂಬದಲ್ಲಿ ಜನನ. ಕ್ಯಾಂಪ್‌ನ ಸೇಂಟ್ ವಿನ್ಸೆಂಟ್ ಶಾಲೆಯಲ್ಲಿ ಓದಿ, ಮುಂದೆ ಡೆಕ್ಕನ್ ಕಾಲೇಜು ಸೇರಿದರು. ಬ್ರಿಟಿಷರ ದಂಡುಪ್ರದೇಶವಾಗಿದ್ದ ಕ್ಯಾಂಪ್‌ನಲ್ಲಿ ಚಾರ್ ಬಾವಡಿ, ಅಂದರೆ ನಾಲ್ಕು ಬಾವಿ, ಎಂಬ ಜಾಗವಿದೆ. ಅಲ್ಲಿ ಬೇವಿನ ಮರದ ಕೆಳಗೆ ಹಜರತ್ ಬಾಬಾಜಾನ್ ಎಂಬ ವೃದ್ಧ ಸೂಫಿ ಸಂತ ಮಹಿಳೆ ಕೂರುತ್ತಿದ್ದರು. ಕಾಲೇಜು ವಿದ್ಯಾರ್ಥಿ ಮೆರ್ವಾನ್ 1913ರಲ್ಲಿ ಅವರನ್ನು ಕಂಡದ್ದು ಬದುಕಿನ ದಿಕ್ಕನ್ನೇ ಬದಲಿಸಿತು. ಬಾಬಾಜಾನ್ 1931ರಲ್ಲಿ ತೀರಿಕೊಂಡರು. ಅವರ ದರ್ಗಾ ಇಂದಿಗೂ ಅದೇ ಬೀದಿಯಲ್ಲಿದೆ. ಮೆಹೆರ್ ಬಾಬಾ ಗುರುಗಳೆಂದು ಎಣಿಸಿದ ಐವರಲ್ಲಿ ಬಾಬಾಜಾನ್ ಜೊತೆಗೆ ಶಿರಡಿಯ ಸಾಯಿಬಾಬಾ, ಸಾಕೋರಿಯ ಉಪಾಸನಿ ಮಹಾರಾಜ್, ನಾಗಪುರದ ತಾಜುದ್ದೀನ್ ಬಾಬಾ ಇದ್ದಾರೆ. 1945ರಲ್ಲಿ ಬೆಂಗಳೂರಿನಲ್ಲಿ ದೇಹ ಬಿಟ್ಟ ಕೇಡಗಾಂವ್‌ನ ನಾರಾಯಣ ಮಹಾರಾಜರೂ ಇದ್ದಾರೆ.

1925ರ ಜುಲೈ 10ರಂದು ಬಾಬಾ ಮೌನ ಹಿಡಿದರು. ಮೊದಲು ಅಕ್ಷರ ಹಲಗೆಯ ಮೇಲೆ ಬೆರಳಾಡಿಸಿ, 1954ರ ನಂತರ ಬರೀ ಕೈಸನ್ನೆಯಿಂದ ಮಾತು ತಿಳಿಸುತ್ತಿದ್ದರು. ಕೊನೆಯುಸಿರಿನವರೆಗೂ ಆ ಮೌನ ಮುರಿಯಲಿಲ್ಲ.

ಇಂಥ ಮೌನಿಗೆ ಅನುಯಾಯಿಯಾಗಿ ಸಿಕ್ಕವನು ವೇದಿಕೆಯ ಮೇಲೆ ಗಿಟಾರ್ ಒಡೆದುಹಾಕುತ್ತಿದ್ದ ಪೀಟ್ ಟೌನ್‌ಶೆಂಡ್. ಅಬ್ಬರಕ್ಕೆ ಹೆಸರಾದ ‘ದಿ ಹೂ’ ತಂಡದ ಗಿಟಾರ್ ವಾದಕ ಹಾಗೂ ಮುಖ್ಯ ಗೀತಕಾರ ಆತ. 1967ರ ಸುಮಾರಿಗೆ ಚಿತ್ರಕಾರ ಗೆಳೆಯ ಮೈಕ್ ಮೆಕಿನರ್ನಿಯ ಮೂಲಕ ಬಾಬಾ ಅವರ ವಿಚಾರಗಳು ಅವನನ್ನು ತಲುಪಿದವು. ಅವುಗಳ ಮೊದಲ ದೊಡ್ಡ ಫಲ ‘ಟಾಮಿ’. ಕನ್ನಡಿಯಲ್ಲಿ ಕೊಲೆಯೊಂದನ್ನು ಕಂಡ ಹುಡುಗ ಕಣ್ಣು, ಕಿವಿ, ಬಾಯಿ ಮೂರನ್ನೂ ಕಳೆದುಕೊಳ್ಳುತ್ತಾನೆ, ಸ್ಪರ್ಶದಿಂದಲೇ ಪಿನ್‌ಬಾಲ್ ಆಟದಲ್ಲಿ ಗೆಲ್ಲುತ್ತಾನೆ, ಎಚ್ಚೆತ್ತು ಗುರುವಾಗುತ್ತಾನೆ, ಕೊನೆಗೆ ಶಿಷ್ಯರೇ ತಿರುಗಿಬೀಳುತ್ತಾರೆ. ಕಣ್ಣಿಗೆ ಕಾಣುವುದು ಮಾಯೆ, ಅರಿವು ಒಳಗಿನದು ಎಂಬ ಬಾಬಾ ಅವರ ವಿಚಾರ ಈ ಕಥೆಯ ಬೆನ್ನೆಲುಬು.

‘ಟಾಮಿ’ಯ ಧ್ವನಿಮುದ್ರಣ 1968ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಐಬಿಸಿ ಸ್ಟುಡಿಯೋದಲ್ಲಿ ಶುರುವಾಗಿ 1969ರ ಮಾರ್ಚ್‌ವರೆಗೆ ನಡೆಯಿತು. ನಿರ್ಮಾಪಕ ಕಿಟ್ ಲ್ಯಾಂಬರ್ಟ್. ಎಂಟು ಟ್ರ್ಯಾಕ್‌ಗಳ ಟೇಪಿನಲ್ಲಿ ಒಂದೊಂದು ವಾದ್ಯವನ್ನೂ ದನಿಯನ್ನೂ ಬೇರೆ ಬೇರೆಯಾಗಿ ದಾಖಲಿಸಿ, ಒಂದರ ಮೇಲೊಂದು ಪದರವಾಗಿ ಹಾಡು ಕಟ್ಟಲಾಯಿತು. ಈ ಕೆಲಸ ನಡೆಯುತ್ತಿರುವಾಗಲೇ, 1969ರ ಜನವರಿ 31ರಂದು, ಮೆಹೆರ್ ಬಾಬಾ ತೀರಿಕೊಂಡರು. ಮೇ ತಿಂಗಳಲ್ಲಿ ಆಲ್ಬಮ್ ಹೊರಬಂತು: ಎರಡು ಎಲ್‌ಪಿ, 24 ಟ್ರ್ಯಾಕ್, ಸುಮಾರು 75 ನಿಮಿಷ. ಹೊದಿಕೆಯ ಚಿತ್ರ ಮೆಕಿನರ್ನಿಯದೇ. ಕೃತಿಗೆ ದುಡಿದವರ ಹೆಸರುಗಳ ನಡುವೆ ‘ಅವತಾರ್’ ಎಂಬ ಸ್ಥಾನದಲ್ಲಿ ಮೆಹೆರ್ ಬಾಬಾ ಅವರ ಹೆಸರು ಅಚ್ಚಾಯಿತು.

ಮುಂದಿನ ಯೋಜನೆ ‘ಲೈಫ್‌ಹೌಸ್’ ಇನ್ನೂ ದೊಡ್ಡದಿತ್ತು. ಜನರೆಲ್ಲ ಒಂದು ಜಾಲಕ್ಕೆ ಸಿಕ್ಕಿಸಿದ ಪೋಷಾಕಿನೊಳಗೆ ಬದುಕುವ ಮುಂದಿನ ಕಾಲದ ಕಥೆ ಅದು. ಪ್ರತಿಯೊಬ್ಬನ ವಿವರಗಳಿಂದ ಅವನದೇ ಆದ ಸಂಗೀತ ಹುಟ್ಟಬೇಕು, ಕೊನೆಗೆ ಎಲ್ಲವೂ ಒಂದೇ ಸ್ವರದಲ್ಲಿ ಲೀನವಾಗಬೇಕು ಎಂಬುದು ಟೌನ್‌ಶೆಂಡ್‌ನ ಕನಸು. ಬಾಬಾ ಅವರ ಜೀವನ ವಿವರಗಳನ್ನು ಸಿಂಥಸೈಜರ್‌ಗೆ ಊಡಿಸಿ ಸ್ವರ ಪಡೆಯುವ ಆಲೋಚನೆಯೂ ಅದರಲ್ಲಿತ್ತು. 1971ರ ಆರಂಭದಲ್ಲಿ ಲಂಡನ್ನಿನ ಯಂಗ್ ವಿಕ್ ರಂಗಮಂದಿರದಲ್ಲಿ ಪ್ರಯೋಗಗಳು ನಡೆದವು. ಕಥೆ ತಂಡದವರಿಗೇ ಅರ್ಥವಾಗಲಿಲ್ಲ. ಮಾರ್ಚ್‌ನಲ್ಲಿ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಮಾಡಿದ ಮುದ್ರಣವೂ ಕೈಗೂಡಲಿಲ್ಲ. ಟೌನ್‌ಶೆಂಡ್ ಮಾನಸಿಕವಾಗಿ ಕುಸಿದ. ಆಗ ಧ್ವನಿತಂತ್ರಜ್ಞ ಗ್ಲಿನ್ ಜಾನ್ಸ್, ಕಥೆಯನ್ನು ಕೈಬಿಟ್ಟು ಒಳ್ಳೆಯ ಹಾಡುಗಳನ್ನಷ್ಟೇ ಒಂದು ಎಲ್‌ಪಿಗೆ ಇಳಿಸೋಣ ಎಂದು ಸೂಚಿಸಿದ. ಲಂಡನ್ನಿನ ಬಾರ್ನ್ಸ್ ಪ್ರದೇಶದ ಒಲಿಂಪಿಕ್ ಸ್ಟುಡಿಯೋದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮುಖ್ಯ ಮುದ್ರಣ ಮುಗಿಯಿತು. ಒಂಬತ್ತು ಹಾಡುಗಳ ‘ಹೂಸ್ ನೆಕ್ಸ್ಟ್’ ಆಗಸ್ಟ್‌ನಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂತು. ಆ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ದಿ ಹೂ’ ಆಲ್ಬಮ್ ಇದೊಂದೇ.

‘ಬಾಬಾ ಓ’ರೈಲಿ’ ಆರಂಭವಾಗುವುದು ನಿಲ್ಲದೆ ಸುತ್ತುವ ಸ್ವರಮಾಲೆಯಿಂದ. ಅದನ್ನು ಸಿಂಥಸೈಜರ್ ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಅದು ಮನೆಬಳಕೆಯ ಲೌರಿ ಆರ್ಗನ್. ಕೀಲಿಯನ್ನು ಒತ್ತಿ ಹಿಡಿದರೆ ಸ್ವರವನ್ನು ತಾನಾಗಿ ಮತ್ತೆ ಮತ್ತೆ ಮಿಡಿಯುವ ‘ಮರಿಂಬಾ’ ಗುಂಡಿ ಆ ವಾದ್ಯದಲ್ಲಿತ್ತು. ಟೌನ್‌ಶೆಂಡ್ ತನ್ನ ಮನೆಯಲ್ಲಿ ಮುದ್ರಿಸಿದ್ದ ದೀರ್ಘ ಆರ್ಗನ್ ವಾದನವನ್ನು ಕತ್ತರಿಸಿ, ಅದರ ಮೇಲೆಯೇ ತಂಡ ಬಾರಿಸಿತು. ಸಣ್ಣ ತುಣುಕುಗಳ ಪುನರಾವರ್ತನೆಯಿಂದ ಸಂಗೀತ ಕಟ್ಟುವ ಈ ಕ್ರಮವೇ ಟೆರಿ ರೈಲಿಯ ಋಣ. ಕೊನೆಗೆ ಓಡುವ ವಯಲಿನ್, ಡ್ರಮ್ ವಾದಕ ಕೀತ್ ಮೂನ್‌ನ ಸಲಹೆಯಂತೆ ಕರೆಸಿದ ಡೇವ್ ಆರ್ಬಸ್‌ನದು.

1972ರ ಅಕ್ಟೋಬರ್‌ನಲ್ಲಿ ಬಂದ ಟೌನ್‌ಶೆಂಡ್‌ನ ಮೊದಲ ಸ್ವಂತ ಆಲ್ಬಮ್ ‘ಹೂ ಕೇಮ್ ಫಸ್ಟ್’ ನೇರವಾಗಿ ಬಾಬಾ ಅವರಿಗೆ ಸಲ್ಲಿಸಿದ ಕಾಣಿಕೆ. ಬಾಬಾ ರೂಪಿಸಿದ ಪ್ರಾರ್ಥನೆಯೊಂದನ್ನು ಇಲ್ಲಿ ‘ಪರ್ವರ್ದಿಗಾರ್’ ಎಂಬ ಹಾಡಾಗಿಸಲಾಗಿದೆ. ಅಮೆರಿಕದ ಜಿಮ್ ರೀವ್ಸ್ ಹಾಡಿದ ಹಳೆಯ ಗೀತೆಯೊಂದೂ ಇದೆ. ಬಾಬಾ ಅದನ್ನು ಮೆಚ್ಚಿದ್ದರು ಎಂಬುದೇ ಅದಕ್ಕೆ ಕಾರಣ.

ಹದಿನಾರು ವರ್ಷಗಳ ನಂತರ ಬಾಬಾ ಅವರ ಮಾತು ಬೇರೊಂದು ದಾರಿಯಿಂದ ಜಗತ್ತು ಸುತ್ತಿತು. ಚಿಂತೆ ಬಿಡಿ, ಸಂತೋಷವಾಗಿರಿ ಎಂಬ ಅರ್ಥದ ಅವರ ಸಂದೇಶ ಅಮೆರಿಕದಲ್ಲಿ ಚಿತ್ರಪಟಗಳ ಮೇಲೆ ಹರಡಿತ್ತು. ಅಂಥದೊಂದು ಗಾಯಕ ಬಾಬಿ ಮೆಕ್‌ಫೆರಿನ್‌ನ ಕಣ್ಣಿಗೆ ಬಿತ್ತು. 1988ರ ‘ಸಿಂಪಲ್ ಪ್ಲೆಷರ್ಸ್’ ಆಲ್ಬಮ್ಮಿನಲ್ಲಿ ಅದೇ ಶೀರ್ಷಿಕೆಯ ಹಾಡು ಬಂತು. ವಾದ್ಯವೇ ಇಲ್ಲ, ಸಿಳ್ಳೆ, ಎದೆತಾಳ, ಹಿನ್ನೆಲೆ ಎಲ್ಲವೂ ಒಬ್ಬನದೇ ದನಿಯ ಪದರಗಳು. ಸೆಪ್ಟೆಂಬರ್‌ನಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು.

ಈ ಆಲ್ಬಮ್‌ಗಳ ಇಂತಿಷ್ಟನೇ ವರ್ಷ ತುಂಬಿದಾಗ ಕಂಪನಿಗಳು ಹಳೆಯ ಟೇಪುಗಳನ್ನು ಹೊರತೆಗೆಯುತ್ತವೆ. ‘ಹೂ ಕೇಮ್ ಫಸ್ಟ್’ನ 45ನೇ ವರ್ಷದ ಆವೃತ್ತಿ 2018ರಲ್ಲಿ ಬಂತು. ‘ಹೂಸ್ ನೆಕ್ಸ್ಟ್’ಗೆ 50 ತುಂಬಿದ್ದು 2021ರಲ್ಲಾದರೂ ದೊಡ್ಡ ಪೆಟ್ಟಿಗೆ ಬಂದದ್ದು 2023ರಲ್ಲಿ. ಹತ್ತು ಸಿಡಿಗಳ ಆ ಸಂಪುಟದಲ್ಲಿ ಕೈಬಿಟ್ಟ ‘ಲೈಫ್‌ಹೌಸ್’ನ ಮನೆಮುದ್ರಣಗಳೂ ನ್ಯೂಯಾರ್ಕಿನ ಮುದ್ರಣಗಳೂ ಸೇರಿವೆ. ಬಾಬಾ ಅವರ ವಾರ್ಷಿಕ ದಿನಗಳ ರೀತಿ ಬೇರೆ. ಪ್ರತಿ ಜನವರಿ 31ರಂದು ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ಬಳಿಯ ಮೆಹೆರಾಬಾದ್‌ನಲ್ಲಿ, ಅವರ ಸಮಾಧಿಯ ಸುತ್ತ ಸಾವಿರಾರು ಜನ ಸೇರುತ್ತಾರೆ. ಮಧ್ಯಾಹ್ನ ಹಾಡು, ಭಜನೆ ಎಲ್ಲವೂ ನಿಂತು, ಕಾಲು ಗಂಟೆ ಮೌನ ಆಚರಿಸಲಾಗುತ್ತದೆ.