ಸೈಲೆನ್ಸರ್ ಜಿರ್ರೆಂದರೆ ಮೊದಲು ಕೇಳಬೇಕಾದ ಪ್ರಶ್ನೆ

ಬೆಂಗಳೂರಿನಿಂದ ಕಾರಿನಲ್ಲಿ ಶಬರಿಮಲೆಗೆ ಹೊರಡುವವರಲ್ಲಿ ಬಹಳ ಮಂದಿ ಹಿಡಿಯುವ ದಾರಿ ಇದು: ಸೇಲಂ, ನಾಮಕ್ಕಲ್, ಕರೂರು ದಾಟಿ ದಿಂಡಿಗಲ್‌ವರೆಗೆ 44ನೇ ರಾಷ್ಟ್ರೀಯ ಹೆದ್ದಾರಿ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ವತ್ತಲಗುಂಡು, ಪೆರಿಯಕುಳಂ, ತೇನಿ. ಮುಂದೆ ಕಂಬಂ ಕಣಿವೆಯ ಊರುಗಳು ಒಂದರ ಹಿಂದೊಂದು ಬರುತ್ತವೆ: ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು. ಲೋಯರ್ ಕ್ಯಾಂಪ್ ದಾಟಿದರೆ ಘಾಟಿ, ಘಾಟಿ ಮುಗಿದರೆ ಕುಮಳಿ, ಅಂದರೆ ಕೇರಳ. ದ್ರಾಕ್ಷಿ ಚಪ್ಪರ, ಗಾಳಿಯಂತ್ರ ನೋಡುತ್ತ ಹೋಗುವವರಿಗೆ ಚಂದದ ದಾರಿ. ಕಂಪನಿಯ ಸೈಲೆನ್ಸರ್ ಕಿತ್ತು ಆಫ್ಟರ್‌ಮಾರ್ಕೆಟ್ ಸೈಲೆನ್ಸರ್ ಹಾಕಿಸಿಕೊಂಡ ಕಾರಿಗೆ ಮಾತ್ರ ಇದು ಒಳ್ಳೆಯ ಪ್ರಯೋಗಶಾಲೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗ, ಊರುಗಳಲ್ಲಿ ಹಂಪ್ ಮೇಲೆ ಹಂಪ್, ಘಾಟಿಯಲ್ಲಿ ಏರುವಾಗ ಎಂಜಿನ್‌ಗೆ ಪೂರ್ತಿ ಹೊರೆ, ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಎಂಜಿನ್ ಬ್ರೇಕಿಂಗ್. ಸೈಲೆನ್ಸರ್ ಕೊಳವೆ ಸದ್ದು ಮಾಡಲು ಬೇಕಾದ ಸಂದರ್ಭಗಳನ್ನು ಈ ರಸ್ತೆ ಬೇರೆಬೇರೆಯಾಗಿ ಬಿಡಿಸಿ ಕೊಡುತ್ತದೆ.

ಗ್ಯಾರೇಜಿಗೆ ಹೋದವರು ಸಾಮಾನ್ಯವಾಗಿ ಕೇಳುವುದು, ‘ಈ ಜಿರ್ರ್ ಸದ್ದು ಎಲ್ಲಿಂದ ಬರ್ತಿದೆ?’ ಮೆಕ್ಯಾನಿಕ್ ಕಾರನ್ನು ಲಿಫ್ಟ್ ಮೇಲೇರಿಸಿ ಎಂಜಿನ್ ರೇಸ್ ಮಾಡಿ ನೋಡುತ್ತಾರೆ, ಆಗ ಸದ್ದೇ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆ ಎಲ್ಲಿಂದ ಎಂಬುದಲ್ಲ, ಯಾವಾಗ ಎಂಬುದು. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಮೊದಲು ಸದ್ದಿನ ಹುಟ್ಟು ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 40 ಸುತ್ತು, 80 ತಳ್ಳು. ಕೊಳವೆಯೊಳಗೆ ಓಡುವ ಮೂಲ ದನಿ 80 ಹರ್ಟ್ಸ್. ಮೂರು ಸಿಲಿಂಡರಿನ ಕಾರಾದರೆ ಅದೇ ವೇಗಕ್ಕೆ 60 ಹರ್ಟ್ಸ್. ಎರಡೂ ತಗ್ಗಿದ, ಎದೆಗೆ ತಾಗುವಂಥ ದನಿಗಳು. ಇವುಗಳಲ್ಲಿ ‘ಜಿರ್ರ್’ ಇಲ್ಲ. ಆ ಕೀರಲು ಬೇರೆಲ್ಲಿಂದಲೋ ಸೇರಿಕೊಂಡಿರಬೇಕು.

ಎಲ್ಲಿಂದ ಎಂಬುದಕ್ಕೆ ಉತ್ತರ ಸಂಗೀತ ಕಚೇರಿಯಲ್ಲಿದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ನೂಲು ಸರಿಸಿ ಜೀವ ಹಿಡಿಸುತ್ತಾರಲ್ಲ, ಆಗ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಕೋಲ್ಕತ್ತದಲ್ಲಿದ್ದ ಸಿ.ವಿ. ರಾಮನ್ 1921ರಲ್ಲಿ ಇದನ್ನೇ ಹಿಡಿದು ಬರೆದರು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಮೇಲ್‌ಸ್ವರ ಹುಟ್ಟಬಾರದು ಎಂದು ಹಳೆಯ ನಿಯಮವೊಂದು ಹೇಳುತ್ತಿತ್ತು. ತಂಬೂರಿ ಮತ್ತು ವೀಣೆ ಆ ನಿಯಮವನ್ನು ಮೀರಿ ಅದೇ ಸ್ವರವನ್ನು ಹಾಡುತ್ತವೆ ಎಂದು ಅವರು ತೋರಿಸಿದರು. ಕಾರಣ, ಕಂಪಿಸುವ ತಂತಿ ಪ್ರತಿ ಸಲವೂ ಕುದುರೆಯ ಬಾಗಿದ ಮೈಯನ್ನು ಸವರಿ ಹೋಗುತ್ತದೆ. ತಾಗುವುದು, ಬಿಡುವುದು, ಮತ್ತೆ ತಾಗುವುದು. ಈ ಪುಟ್ಟ ತಾಗಾಟವೇ ತಗ್ಗು ಕಂಪನದ ಶಕ್ತಿಯನ್ನು ಮೇಲಿನ ಸ್ವರಗಳಿಗೆ ಹಂಚುತ್ತದೆ.

ಕಾರಿನಡಿಯಲ್ಲೂ ಇದೇ ನಡೆಯುತ್ತದೆ, ಕೇಳಲು ಮಾತ್ರ ಹಿತವಲ್ಲ. 80 ಹರ್ಟ್ಸ್‌ನಲ್ಲಿ ಅಲುಗುವ ಕೊಳವೆ ತೆಳು ತಗಡಿನ ಹೀಟ್ ಶೀಲ್ಡ್‌ಗೋ ಚಾಸಿಸ್‌ಗೋ ಅರೆಬರೆ ತಾಗಿದರೆ, ಸೆಕೆಂಡಿಗೆ 80 ಸಣ್ಣ ಪೆಟ್ಟುಗಳು. ಪ್ರತಿ ಪೆಟ್ಟಿನಲ್ಲೂ 160, 240, 320 ಎಂದು ಸಾವಿರಾರು ಹರ್ಟ್ಸ್‌ವರೆಗೆ ಸ್ವರಗಳು ಚಿಮ್ಮುತ್ತವೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. 80 ಹರ್ಟ್ಸ್ ದನಿ ಬರೀ ಕೇಳಿಸಬೇಕೆಂದರೂ 3,000 ಹರ್ಟ್ಸ್ ದನಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಆದ್ದರಿಂದಲೇ ಅಷ್ಟು ದೊಡ್ಡ ಎಂಜಿನ್ ಸದ್ದಿನ ನಡುವೆಯೂ ಒಂದು ಸಡಿಲ ತಗಡು ಪ್ರಯಾಣವಿಡೀ ತಲೆ ತಿನ್ನುತ್ತದೆ. ಅದು ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವುದಕ್ಕೂ ಇದೇ ಕಾರಣ. ಅರ್ಧ ಮಿಲಿಮೀಟರ್ ಸಂದು ಇದೆ ಎನ್ನಿ. ಕೊಳವೆಯ ಅಲುಗಾಟ ಅದಕ್ಕಿಂತ ಕಡಿಮೆ ಇರುವವರೆಗೆ ಸದ್ದಿಲ್ಲ. ಕೊಳವೆ ಹೆಚ್ಚು ತೂಗುವ ಯಾವುದೋ ಒಂದು ಎಂಜಿನ್ ವೇಗ ಬಂದಾಗ ಸಂದು ಸಾಲದೆ ಜಿರ್ರೆನ್ನುತ್ತದೆ, ಆ ವೇಗ ದಾಟಿದರೆ ಮೌನ.

ಇನ್ನು ಘಾಟಿ. ದಿಂಡಿಗಲ್‌ವರೆಗೆ ತೆಪ್ಪಗಿದ್ದ ಕಾರು ಲೋಯರ್ ಕ್ಯಾಂಪಿನ ಏರಿನಲ್ಲಿ ಜಿರ್ರೆನ್ನಲು ತೊಡಗಿದರೆ, ಇಲ್ಲವೇ ಈ ದಾರಿ ಬಿಟ್ಟು ಬೋಡಿನಾಯಕನೂರಿನಿಂದ ಬೋಡಿಮೆಟ್ಟಿನ 17 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಶುರುವಾದರೆ, ಅನುಮಾನ ಬರಬೇಕಾದುದು ಬಿಸಿಯ ಮೇಲೆ. ಆಫ್ಟರ್‌ಮಾರ್ಕೆಟ್ ಕೊಳವೆಗಳು ಹೆಚ್ಚಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಈ ಉಕ್ಕು ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಭಾಗ ಬೆಳೆಯುತ್ತದೆ, ಸಾದಾ ಉಕ್ಕಾದರೆ ಸುಮಾರು 12 ಭಾಗ. ಮೂರು ಮೀಟರ್ ಕೊಳವೆ 300 ಡಿಗ್ರಿಯಷ್ಟು ಬಿಸಿ ಏರಿದರೆ ಸಾದಾ ಉಕ್ಕು 11 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ 15. ಮುಂದಿನ ತುದಿ ಎಂಜಿನ್‌ಗೆ ಬಿಗಿದಿರುವುದರಿಂದ ಬೆಳೆದದ್ದೆಲ್ಲ ಹಿಂದಕ್ಕೇ ಸರಿಯಬೇಕು. ತಣ್ಣಗಿದ್ದಾಗ ಬಂಪರಿನ ಕಟ್‌ನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅಂದವಾಗಿ ಕೂತಿದ್ದ ಕೊಳವೆಯ ತುದಿ ಘಾಟಿಯ ನಡುವೆ ಬಂಪರನ್ನೇ ಒತ್ತುವುದು ಹೀಗೆ. ಹಿಂದಿನ ಆಕ್ಸಲ್ ಮೇಲೆ ಬಾಗಿ ಹೋಗುವ ತಿರುವು ಇನ್ನೂ ಇಕ್ಕಟ್ಟು.

ಏರುವಾಗ ಮಾತ್ರವೋ, ಇಳಿಯುವಾಗ ಮಾತ್ರವೋ ಎಂಬುದನ್ನೂ ಗಮನಿಸಬೇಕು. ಹೊರೆ ಬಿದ್ದಾಗ ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಒಂದು ಕಡೆಗೆ ವಾಲುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಅದು ಎದುರು ದಿಕ್ಕಿಗೆ ವಾಲುತ್ತದೆ. ಕೊಳವೆಯೂ ಅದರೊಡನೆ ಸರಿಯುತ್ತದೆ. ಈ ವಾಲಾಟವನ್ನು ನುಂಗಲೆಂದೇ ಕಂಪನಿಯವರು ಮುಂಭಾಗದಲ್ಲಿ ಹೆಣೆದ ತಂತಿಯ ಫ್ಲೆಕ್ಸ್ ಪೈಪ್ ಇಡುತ್ತಾರೆ. ಖರ್ಚು ಉಳಿಸಲು ಅದನ್ನು ಬಿಟ್ಟು ನೇರ ಕೊಳವೆ ಬೆಸೆದಿದ್ದರೆ ಎಂಜಿನ್ನಿನ ಅಲುಗಾಟವೆಲ್ಲ ಕೊಳವೆಯನ್ನು ತೂಗುಹಾಕಿದ ಹಿಂದಿನ ಹ್ಯಾಂಗರ್‌ವರೆಗೆ ಹೋಗುತ್ತದೆ. ಲಿಫ್ಟ್ ಮೇಲೆ ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಮಾಡಿದರೂ ಈ ವಾಲಾಟ ಬರುವುದಿಲ್ಲ. ಮೆಕ್ಯಾನಿಕ್ ಮುಂದೆ ಸದ್ದು ಅಡಗುವುದು ಇದರಿಂದ, ಅವರ ಕಿವಿಯ ದೋಷದಿಂದಲ್ಲ.

ಬಿಸಿಗೆ ಹುಟ್ಟುವ ಜಿರ್ರಿಗೆ ತಿರುಗುಮುರುಗಾದ ಸದ್ದೂ ಒಂದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ‘ಫಟ್ ಫಟ್’ ಅಥವಾ ‘ಟಿಕ್ ಟಿಕ್’ ಎಂದು ಜೋರಾಗಿದ್ದು ಕಾರು ಬಿಸಿಯಾದಂತೆ ಅಡಗುತ್ತದೆ. ಅದು ಸೋರಿಕೆ. ಫ್ಲೇಂಜಿನ ಗ್ಯಾಸ್ಕೆಟ್ ಅಥವಾ ಕ್ಲಾಂಪಿನ ಸಂದಿನಿಂದ ಹೊಗೆ ನುಸುಳುತ್ತಿರುತ್ತದೆ, ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಬಿಸಿಗೆ ಹುಟ್ಟುವುದು ತಾಗಾಟ, ಬಿಸಿಗೆ ಸಾಯುವುದು ಸೋರಿಕೆ: ಯಾವಾಗಲೂ ಹೀಗೆಯೇ ಎನ್ನಲಾಗದು, ಆದರೆ ಬಹಳ ಸಲ ಹೀಗೆ. ಸೋರುವ ಕಡೆ ಕಪ್ಪು ಮಸಿ ಅಂಟಿರುತ್ತದೆ. ತಾಗುವ ಕಡೆ ಧೂಳೆಲ್ಲ ಉಜ್ಜಿಹೋಗಿ ಲೋಹ ಹೊಳೆಯುತ್ತಿರುತ್ತದೆ. ಟಾರ್ಚ್ ಹಿಡಿದು ಈ ಎರಡು ಗುರುತುಗಳನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯಿತು.

ಹಂಪ್ ಹಾರಿದಾಗ ಮಾತ್ರ ‘ಟಣ್’ ಎಂದರೆ ಹ್ಯಾಂಗರ್ ರಬ್ಬರ್ ನೋಡಿ. ರಬ್ಬರ್ ಸರಿಯಿದ್ದು ಒಳಗೆ ಕಲ್ಲು ಉರುಳಿದಂಥ ಸದ್ದು ಬಂದರೆ ಸೈಲೆನ್ಸರ್ ಒಳಗಿನ ಬ್ಯಾಫಲ್ ಕಳಚಿರಬಹುದು, ಇಲ್ಲವೇ ಕ್ಯಾಟಲಿಟಿಕ್ ಕನ್ವರ್ಟರ್‌ನ ಪಿಂಗಾಣಿ ಜಾಲರಿ ಒಡೆದಿರಬಹುದು.

ಹ್ಯಾಂಗರ್ ವಿಷಯದಲ್ಲಿ ಕಂಪನಿಗೂ ಗ್ಯಾರೇಜಿಗೂ ಇರುವ ಅಂತರ ದೊಡ್ಡದು. ಯಾವುದೇ ಕೊಳವೆ ಕಂಪಿಸುವಾಗ ಕೆಲವು ಜಾಗ ಬಹಳ ಅಲುಗುತ್ತವೆ, ಕೆಲವು ಜಾಗ ಅಲುಗುವುದೇ ಇಲ್ಲ. ಅಲುಗದ ಜಾಗವನ್ನು ಲೆಕ್ಕ ಹಾಕಿ ಹುಡುಕಿ ಕಾರ್ಖಾನೆಯವರು ಹ್ಯಾಂಗರ್ ಇಡುತ್ತಾರೆ. ಗ್ಯಾರೇಜಿನಲ್ಲಿ ವೆಲ್ಡಿಂಗ್ ರಾಡ್ ಎಲ್ಲಿ ಸುಲಭವಾಗಿ ತಲುಪುತ್ತದೋ ಅಲ್ಲಿ ಹ್ಯಾಂಗರ್. ಜೊತೆಗೆ ಹೊಸ ಕೊಳವೆಯ ದಪ್ಪ, ತೂಕ ಎಲ್ಲ ಬೇರೆಯಾದ್ದರಿಂದ ಹಳೆಯ ಲೆಕ್ಕವೂ ಕೆಟ್ಟಿರುತ್ತದೆ. ಗಟ್ಟಿಯಾಗಿರಲಿ ಎಂದು ಪಾಲಿಯುರೆಥೇನ್ ಹ್ಯಾಂಗರ್ ಹಾಕಿಸಿದರೆ ಸದ್ದು ಕಡಿಮೆಯಾಗುವ ಬದಲು ನೇರವಾಗಿ ಸೀಟಿನಡಿಗೇ ಬರುತ್ತದೆ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕೇಳುವ ‘ಗುಂಯ್’ ಇದೆಲ್ಲದರಿಂದ ಬೇರೆ ಜಾತಿ. ಅಲ್ಲಿ ಏನೂ ಸಡಿಲವಾಗಿರುವುದಿಲ್ಲ, ಕೊಳವೆಯೊಳಗಿನ ಗಾಳಿಯೇ ಅನುರಣಿಸುತ್ತಿರುತ್ತದೆ. ಮಾಮೂಲು ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, 300 ಡಿಗ್ರಿಯ ಹೊಗೆಯಲ್ಲಿ ಸುಮಾರು 480. ಎರಡೂ ತುದಿ ತೆರೆದ ಮೂರು ಮೀಟರ್ ಕೊಳವೆಗೆ ಆಗ ಇಷ್ಟದ ಸ್ವರ 80 ಹರ್ಟ್ಸ್. ಸುಮಾರು ಎರಡು ಮೀಟರ್ ಉದ್ದದ ಕ್ಯಾಬಿನ್ನಿನ ಗಾಳಿಗೆ ಇಷ್ಟವಾದುದು 86ರ ಆಸುಪಾಸು. ಎಂಜಿನ್ 2,400 ಸುತ್ತಿನಲ್ಲಿ ಕೊಡುವುದೂ 80. ಮೂರೂ ಒಂದೆಡೆ ಸೇರಿದರೆ ಕರೂರಿನಿಂದ ದಿಂಡಿಗಲ್ ಮುಟ್ಟುವ ಹೊತ್ತಿಗೆ ತಲೆನೋವು ಖಂಡಿತ. ಕಿಟಕಿಯ ಗಾಜನ್ನು ತುಸು ಇಳಿಸಿ ನೋಡಿ. ಗುಂಯ್ ಬದಲಾದರೆ ಕ್ಯಾಬಿನ್ನಿನ ಪಾಲು ದೊಡ್ಡದಿದೆ ಎಂದರ್ಥ. ಕ್ಲಾಂಪ್ ಬಿಗಿಸಿ ಇದನ್ನು ನಿಲ್ಲಿಸಲಾಗದು.

ಇದಕ್ಕೆ ಮದ್ದೆಂದು ಕೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಒಂದು ಕವಲು ಬೆಸೆಯುತ್ತಾರೆ. ಕವಲಿನೊಳಗೆ ಹೋಗಿ ಮರಳುವ ಅಲೆ ಮುಖ್ಯ ಅಲೆಗೆ ಎದುರಾಗಿ ನಿಂತು ಅದನ್ನು ಕೊಲ್ಲಬೇಕು. ಅದಕ್ಕೆ ಕವಲಿನ ಉದ್ದ ಅಲೆಯ ಉದ್ದದ ಕಾಲು ಭಾಗ ಇರಬೇಕು. ತಣ್ಣನೆಯ ಗಾಳಿಯ ಲೆಕ್ಕ ಹಿಡಿದರೆ 80 ಹರ್ಟ್ಸ್‌ಗೆ 1.07 ಮೀಟರ್ ಬರುತ್ತದೆ, ಬಿಸಿ ಹೊಗೆಯ ಲೆಕ್ಕದಲ್ಲಿ 1.5 ಮೀಟರ್. ಕವಲಿನೊಳಗೆ ಹೊಗೆ ಹರಿಯದೆ ನಿಂತಿರುವುದರಿಂದ ಅದು ಮುಖ್ಯ ಕೊಳವೆಯಷ್ಟು ಬಿಸಿಯಾಗಿರುವುದಿಲ್ಲ, ನಿಜವಾದ ಉದ್ದ ಎರಡರ ನಡುವೆ ಎಲ್ಲೋ ಇದೆ. ಆದ್ದರಿಂದ ಉದ್ದ ಹೊಂದಿಸಲು ಬರುವಂಥ ಕವಲನ್ನು ಮಾಡಿಸುವುದೇ ಜಾಣತನ.

ಎರಡು ಜಾತಿಯ ಸದ್ದುಗಳನ್ನು ಮೊಬೈಲಿನಲ್ಲೂ ಬೇರ್ಪಡಿಸಬಹುದು. ದನಿಯನ್ನು ಬಿಡಿಸಿ ಗೆರೆಗಳಾಗಿ ತೋರುವ ಉಚಿತ ಆ್ಯಪ್‌ಗಳಿವೆ. ಪಕ್ಕದಲ್ಲಿ ಕೂತವರು ಅದನ್ನು ಹಿಡಿದಿರಲಿ, ಓಡಿಸುವವರು ನಿಧಾನ ವೇಗ ಏರಿಸಲಿ. ಎಂಜಿನ್ನಿನ ಗೆರೆಗಳು ವೇಗದ ಜೊತೆ ಮೇಲೆ ಸರಿಯುತ್ತವೆ. ತಗಡಿನ ಜಿರ್ರ್ ಮಾತ್ರ ಎತ್ತರದಲ್ಲಿ ಒಂದೇ ಜಾಗದಲ್ಲಿ ನಿಂತು ಬೆಳಗಿ ಆರುತ್ತದೆ.

ಇಷ್ಟು ತಿಳಿದುಕೊಂಡು ಹೋದರೆ ತೇನಿಯಲ್ಲೋ ಕಂಬಂನಲ್ಲೋ ಮೆಕ್ಯಾನಿಕ್ ಹತ್ತಿರ ಮಾತಾಡುವುದು ಸುಲಭ. (ತಮಿಳು ಬಾರದಿದ್ದರೆ ಗಾಬರಿ ಬೇಡ. ಮನೆಮಾತು ಕನ್ನಡವಾದ ಕಾಪ್ಪಿಲಿಯರ್ ಕುಟುಂಬಗಳು ಈ ಕಣಿವೆಯಲ್ಲಿ ಬಹುಕಾಲದಿಂದ ಇವೆ.) ಎಂಜಿನ್ ನಿಂತು ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಮುಂದಿನಿಂದ ಹಿಂದಕ್ಕೆ ಒಂದೊಂದೇ ಕಡೆ ತಟ್ಟುತ್ತ ಬರಲಿ. ಬರಿಯ ಜಾಕ್ ನಂಬಿ ಯಾರೂ ಕಾರಿನಡಿ ನುಗ್ಗಬಾರದು, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೂಬಾರದು. ಹೀಟ್ ಶೀಲ್ಡ್ ಸಡಿಲವಾಗಿದ್ದರೆ ಸುತ್ತಲೂ ಒಂದು ದೊಡ್ಡ ಹೋಸ್ ಕ್ಲಾಂಪ್ ಬಿಗಿದರೆ ಸಾಕು. ‘ಕಿತ್ತು ಬಿಸಾಕಿ ಸಾರ್’ ಎಂದರೆ ಒಪ್ಪಬೇಡಿ. ಇಂಧನ ಟ್ಯಾಂಕ್, ಬ್ರೇಕ್ ಕೊಳವೆಗಳನ್ನು ಬಿಸಿಯಿಂದ ಕಾಯುವುದು ಅದೇ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆ ತಯಾರಕರ ವಿವರಣೆಗೆ ಹೊರತಾದ ಬದಲಾವಣೆಯನ್ನು ಒಪ್ಪುವುದಿಲ್ಲ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾರು ಹೊಸ ದನಿಯಲ್ಲಿ ಗುಡುಗಬೇಕೆಂಬ ಆಸೆ ನನಗಂತೂ ಅರ್ಥವಾಗಿಲ್ಲ, ಆದರೆ ಅದು ಬೇರೆಯೇ ಜಗಳ.

ರಿಪೇರಿ ಮುಗಿದ ಕೂಡಲೇ ಹಣ ಕೊಟ್ಟು ಹೊರಡಬೇಡಿ. ತಣ್ಣಗಿರುವ ಕೊಳವೆ ಎಲ್ಲರ ಮುಂದೆಯೂ ನೆಟ್ಟಗೇ ಕೂತಿರುತ್ತದೆ. ಅರ್ಧ ಗಂಟೆ ಓಡಿಸಿ, ಸಾಧ್ಯವಾದರೆ ಏರು ಹತ್ತಿಸಿ, ಬಿಸಿ ಇರುವಾಗಲೇ ಮತ್ತೆ ಲಿಫ್ಟ್ ಮೇಲೇರಿಸಲು ಹೇಳಿ. ಬಂಪರ್, ಆಕ್ಸಲ್, ಹೀಟ್ ಶೀಲ್ಡ್ ಹತ್ತಿರ ಆಗಲೂ ಒಂದು ಬೆರಳಗಲದ ಸಂದು ಉಳಿದಿದೆಯೇ ಎಂದು ನೋಡಬೇಕು, ಬೆರಳು ತೂರಿಸದೆ.