ಬೆಂಕಿಗಿಂತ ಮುಂದೆ ಬರುವ ಹೊಗೆ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕೀನ್’ ಎಂಬ ಹಡಗಿನ ಹತ್ತಿಯ ಮೂಟೆಗಳಿಗೆ ಬೆಂಕಿ ತಗುಲಿ, ಅದರೊಳಗಿದ್ದ ಸ್ಫೋಟಕಗಳು ಸಿಡಿದವು. ಬೆಂಕಿಯನ್ನು ನಂದಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಪ್ರಾಣತೆತ್ತರು. ಅವರ ನೆನಪಿಗಾಗಿಯೇ ಇಂದಿಗೂ ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹವನ್ನು ಆಚರಿಸಲಾಗುತ್ತದೆ. ಆ ವಾರ ಕೆಲವು ವಸತಿ ಸಂಕೀರ್ಣಗಳ ಅಂಗಳದಲ್ಲಿ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ನಡೆಯುವುದುಂಟು. ಅದನ್ನು ನೋಡುವವರಲ್ಲಿ ಮಕ್ಕಳೂ ಕಾವಲುಗಾರರೂ ಹೆಚ್ಚು, ಗೃಹಸ್ಥರು ಕಡಿಮೆ. ಬೆಂಕಿಯೆಂದೊಡನೆ ಜನರ ಕಣ್ಣೆದುರು ನಿಲ್ಲುವುದು ಜ್ವಾಲೆ. ಹೊಗೆಯನ್ನು ಅದರ ನೆರಳೆಂದಷ್ಟೇ ಎಣಿಸುತ್ತಾರೆ. ವಾಸ್ತವದಲ್ಲಿ ಮನೆಯೊಳಗಿನ ಅಗ್ನಿ ಅನಾಹುತಗಳಲ್ಲಿ ಉರಿ ಮುಟ್ಟುವ ಮೊದಲೇ ಹೊಗೆಯು ತನ್ನ ಕೆಲಸ ಮುಗಿಸಿರುವುದು ಸಾಮಾನ್ಯ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನರು ಮಡಿದರು. ಬೆಂಕಿ ಹುಟ್ಟಿದುದು ನೆಲಮಟ್ಟದಲ್ಲಿದ್ದ ಟ್ರಾನ್ಸ್‌ಫಾರ್ಮರಿನಲ್ಲಿ. ಮೇಲಿನ ಬಾಲ್ಕನಿಯಲ್ಲಿ ಕುಳಿತವರನ್ನು ಕೊಂದುದು ಅಲ್ಲಿಗೆ ಏರಿಬಂದ ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತಾಗಲೂ ಕಥೆ ಇದೇ. ಉಸಿರುಗಟ್ಟಿದ ಕೆಲವರು ಕಿಟಕಿಗಳಿಂದ ಕೆಳಗೆ ಜಿಗಿದಿದ್ದರು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಿಗಿತದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ದೊರೆಯುವುದಿಲ್ಲ. ಸೋಫಾ, ಹಾಸಿಗೆಗಳ ಫೋಮು ಉರಿದಾಗ ಇದರೊಡನೆ ಸೈನೈಡ್ ಅನಿಲವೂ ಸೇರುತ್ತದೆ. ಮಲಗಿದವರಿಗೆ ವಾಸನೆಯಿಂದ ಎಚ್ಚರವಾದೀತೆಂಬ ನಂಬಿಕೆಗೂ ಆಧಾರ ಸಾಲದು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಢನಿದ್ರೆಯಲ್ಲಿದ್ದವರು ತೀವ್ರವಾದ ದುರ್ಗಂಧಕ್ಕೂ ಏಳಲಿಲ್ಲ. ಶಬ್ದವಾದಾಗ ಬಹುಮಟ್ಟಿಗೆ ಎಚ್ಚೆತ್ತರು. ನಿದ್ರೆಯಲ್ಲಿ ಮೂಗೂ ಮಲಗಿರುತ್ತದೆ, ಕಿವಿ ಮಾತ್ರ ಅರೆಯೆಚ್ಚರವಾಗಿರುತ್ತದೆ ಎನ್ನಬಹುದು.

ಊರಿನ ಹಳೆಯ ಮನೆಗಳಲ್ಲಿ ಒಲೆಯ ಹೊಗೆ ಹೆಂಚಿನ ಸಂದಿಯಿಂದಲೋ ಬೆಳಕಿಂಡಿಯಿಂದಲೋ ಹೊರಟುಹೋಗುತ್ತಿತ್ತು. ಮುಂಬಾಗಿಲು ಕಟ್ಟಿದರೆ ಹಿತ್ತಿಲ ಬಾಗಿಲಿತ್ತು. ಮಹಾನಗರದ ಫ್ಲ್ಯಾಟಿಗೆ ಇರುವುದು ಒಂದೇ ಬಾಗಿಲು, ಅದರ ಹೊರಗೆ ಬೀಗ ಹಾಕಿದ ಜಾಲರಿ ಬಾಗಿಲು, ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ಲು. ಹವಾನಿಯಂತ್ರಣಕ್ಕಾಗಿ ಮುಚ್ಚಿದ ಕೋಣೆಯಲ್ಲಿ ನೈಲಾನ್ ಪರದೆಗಳು. ಆದರೆ ನಂದಾದೀಪ, ಸೊಳ್ಳೆಬತ್ತಿ, ಊದುಬತ್ತಿಗಳು ಊರಿನಿಂದ ಬಂದಂತೆಯೇ ಇವೆ. ಇವಕ್ಕೆ ಮೊಬೈಲಿನ ಚಾರ್ಜರ್, ಗೀಸರ್, ಒಂದೇ ಪ್ಲಗ್ಗಿಗೆ ಪೋಣಿಸಿದ ನಾಲ್ಕಾರು ತಂತಿಗಳು ಜೊತೆಯಾಗಿವೆ.

ಇಂತಹ ಮನೆಗೆ ಹೊಗೆಯ ಎಚ್ಚರಿಕೆ ಗಂಟೆ, ಅಂದರೆ ಸ್ಮೋಕ್ ಅಲಾರಮ್, ಅಂಗೈಯಗಲದ ಸಾಧನ. ಹೆಚ್ಚು ಬೆಲೆಯದೂ ಅಲ್ಲ. ಕಚೇರಿಗಳ ಛಾವಣಿಯಲ್ಲಿ ಅದನ್ನು ದಿನವೂ ಕಾಣುವವರು ಮನೆಗೆ ತರುವುದು ಮಾತ್ರ ಅಪರೂಪ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಅಲ್ಪಪ್ರಮಾಣದ ವಿಕಿರಣ ಧಾತುವು ಗಾಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಸುತ್ತಿರುತ್ತದೆ. ಹೊಗೆಯ ಕಣಗಳು ನುಗ್ಗಿದಾಗ ಪ್ರವಾಹ ಕುಗ್ಗಿ ಗಂಟೆ ಬಾರಿಸುತ್ತದೆ. ಇನ್ನೊಂದರಲ್ಲಿ ಬೆಳಕಿನ ಕಿರಣವೊಂದು ಗ್ರಾಹಕದ ಮೇಲೆ ಬೀಳದಂತೆ ಹಾಯುತ್ತಿರುತ್ತದೆ. ಹೊಗೆ ಬಂದಾಗ ಬೆಳಕು ಚದುರಿ ಗ್ರಾಹಕಕ್ಕೆ ತಗಲುತ್ತದೆ. ಹಾಸಿಗೆಯೊಳಗೆ ಕನಲುವ ಬೆಂಕಿಯನ್ನು ಈ ಎರಡನೆಯದು ಬೇಗ ಗುರುತಿಸುತ್ತದೆ, ಅಡುಗೆಯ ಹೊಗೆಗೆ ವೃಥಾ ಕೂಗುವುದೂ ಕಡಿಮೆ. ಮನೆಗೆ ಇದೇ ಲೇಸು.

ವೃಥಾ ಕೂಗುವ ವಿಷಯ ಸಣ್ಣದಲ್ಲ. ಒಣಮೆಣಸಿನ ಒಗ್ಗರಣೆಗೂ ಪರದೆ ಹೊತ್ತಿದುದಕ್ಕೂ ಈ ಸಾಧನಕ್ಕೆ ಭೇದ ತಿಳಿಯದು. ವಾರದಲ್ಲಿ ಮೂರು ಬಾರಿ ಅದು ಕಿರುಚಿದರೆ ನಾಲ್ಕನೆಯ ಬಾರಿ ಮನೆಯವರು ಅದರ ಬ್ಯಾಟರಿಯನ್ನು ಕಿತ್ತು ಟಿ.ವಿ. ರಿಮೋಟಿಗೆ ಹಾಕುತ್ತಾರೆ, ಅಲ್ಲಿಗೆ ರಕ್ಷಣೆ ಮುಗಿಯಿತು. ಆದುದರಿಂದ ಅದನ್ನು ಅಡುಗೆಯ ಒಲೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿ, ದೇವರ ಮಂಟಪದಿಂದಲೂ ಫ್ಯಾನಿನ ಗಾಳಿಯಿಂದಲೂ ಆಚೆಗೆ, ಮಲಗುವ ಕೋಣೆಗಳ ಹೊರಗಿನ ಓಣಿಯ ಛಾವಣಿಗೆ ಅಳವಡಿಸಬೇಕು. ಬಾಗಿಲು ಮುಚ್ಚಿ ಮಲಗುವ ಕೋಣೆಯೊಳಗೂ ಒಂದಿದ್ದರೆ ಉತ್ತಮ. ತಿಂಗಳಿಗೊಮ್ಮೆ ಗುಂಡಿಯೊತ್ತಿ ಪರೀಕ್ಷಿಸುವುದು, ಧೂಳು ಒರೆಸುವುದು, 10 ವರ್ಷಗಳಾದ ಮೇಲೆ ಸಾಧನವನ್ನೇ ಬದಲಿಸುವುದು ಅವಶ್ಯ. ನಿದ್ರಿಸುವ ಚಿಕ್ಕ ಮಕ್ಕಳು ಈ ಸದ್ದಿಗೆ ಏಳದಿರಬಹುದು. ಕಿವಿ ಮಂದವಾದ ಅಜ್ಜ ಅಜ್ಜಿಯರಿಗೆ ಅದರ ಕೀಚಲು ಧ್ವನಿ ಕೇಳಿಸದಿರಬಹುದು. ಯಾರು ಯಾರನ್ನು ಎಬ್ಬಿಸಿ ಕೈಹಿಡಿದು ಕರೆತರಬೇಕೆಂಬುದು ಮೊದಲೇ ಗೊತ್ತಾಗಿರಬೇಕು.

ಹೊಗೆಯ ಗಂಟೆಯು ಸೋರುವ ಅಡುಗೆ ಅನಿಲವನ್ನು ಗುರುತಿಸುವುದಿಲ್ಲ. ಅದಕ್ಕೆ ಬೇರೆ ಸಾಧನವಿದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆ ಮನೆಯಲ್ಲಿ ಅನಿಲಸೂಚಕವನ್ನು ನೆಲದ ಸಮೀಪದಲ್ಲಿಡಬೇಕು. ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಅಲ್ಲಿ ಸೂಚಕ ಛಾವಣಿಯ ಬಳಿಯಿರಬೇಕು. ಸಿಲಿಂಡರ್ ಬಿಟ್ಟು ಕೊಳವೆಗೆ ಬದಲಾದ ಮನೆಗಳು ಇದನ್ನು ಮರೆಯುವ ಸಂಭವವುಂಟು. ವಾಸನೆ ಬಂದಾಗ ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು; ಅನಿಲದ ಕವಾಟ ಮುಚ್ಚಿ, ಕಿಟಕಿ ತೆರೆದು, ಹೊರಗೆ ಹೋಗಿ ದೂರವಾಣಿ ಮಾಡಬೇಕು. ಸಿಲಿಂಡರ್ ಅನಿಲದ ಸೋರಿಕೆಗೆ 1906, ಅಗ್ನಿಶಾಮಕ ದಳಕ್ಕೆ 101 ಅಥವಾ 112.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಗೋಡೆಗೂ ಮೈಗೂ ಎರಚುತ್ತದೆ. ಒಲೆ ಆರಿಸಿ ತಟ್ಟೆ ಮುಚ್ಚಿದರೆ ಸಾಕು.

ಗಂಟೆ ಬಾರಿಸಿದ ಮೇಲೆ ದೊರೆಯುವ ಸಮಯ ಕೆಲವೇ ನಿಮಿಷಗಳು. ಒಡವೆ, ಕಾಗದಪತ್ರಗಳನ್ನು ಹುಡುಕುವುದಕ್ಕೆ ಅದು ಸಾಲದು. ಜಾಲರಿ ಬಾಗಿಲಿನ ಕೀಲಿ ರಾತ್ರಿ ತಲೆದಿಂಬಿನಡಿ ಇರದೆ, ಬಾಗಿಲ ಪಕ್ಕದ ಮೊಳೆಯಲ್ಲಿ ಎಲ್ಲರ ಕೈಗೆಟಕುವಂತೆ ತೂಗುತ್ತಿರಬೇಕು. ಕಿಟಕಿಯ ಗ್ರಿಲ್ಲುಗಳಲ್ಲಿ ಒಂದಾದರೂ ಒಳಗಿನಿಂದ ತೆರೆಯುವಂತಿರಬೇಕು. ಹೊಗೆ ಮೇಲಕ್ಕೇರುವುದರಿಂದ ನೆಲದ ಸಮೀಪದಲ್ಲಿ ತೆವಳಿ ಹೊರಬರಬೇಕು, ಹಿಂದಿನ ಬಾಗಿಲನ್ನು ಎಳೆದು ಮುಚ್ಚಬೇಕು, ಲಿಫ್ಟನ್ನು ಬಳಸಕೂಡದು. ಹೊರಗಿನ ಓಣಿಯೇ ಹೊಗೆಯಿಂದ ತುಂಬಿದ್ದರೆ ಒಳಗೇ ಉಳಿದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ಕಾಣಿಸಿಕೊಳ್ಳುವುದು ಮೇಲು. ಮೆಟ್ಟಿಲುಗಳ ಮೇಲೆ ಚಪ್ಪಲಿ ಗೂಡು, ಹಳೆಯ ಮಂಚ, ಬೈಸಿಕಲ್ಲುಗಳನ್ನಿಡುವವರು ಇಡೀ ಕಟ್ಟಡದ ಏಕಮಾತ್ರ ದಾರಿಯನ್ನು ಮುಚ್ಚುತ್ತಿರುತ್ತಾರೆ. ಮಹಾರಾಷ್ಟ್ರದ 2006ರ ಕಾಯಿದೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಕಟ್ಟಡಗಳು ಪ್ರತಿವರ್ಷ ಜನವರಿ ಮತ್ತು ಜುಲೈ ತಿಂಗಳಲ್ಲಿ ತಮ್ಮ ಅಗ್ನಿನಿರೋಧಕ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೆಂದು ಪರವಾನಗಿ ಪಡೆದ ಸಂಸ್ಥೆಯಿಂದ ‘ಬಿ’ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಕಾರು ನಿಲ್ಲಿಸುವ ಜಾಗದ ಕುರಿತು ಎರಡು ಗಂಟೆ ವಾದಿಸುವ ಸದಸ್ಯರು ಈ ಪತ್ರವನ್ನು ಒಮ್ಮೆ ಕೇಳಿ ನೋಡಬಹುದು.

ಸುಟ್ಟ ಗಾಯದ ಮೇಲೆ 20 ನಿಮಿಷಗಳ ಕಾಲ ನಲ್ಲಿಯ ತಣ್ಣೀರು ಹರಿಸಬೇಕು. ಮಂಜುಗಡ್ಡೆ, ಹಲ್ಲುಜ್ಜುವ ಪೇಸ್ಟು, ತುಪ್ಪ, ಶಾಯಿ ಇವಾವುವೂ ಸಲ್ಲವು. ಹೊಗೆಯಲ್ಲಿ ಸಿಲುಕಿ ಪಾರಾದವರಿಗೆ ಮೈಮೇಲೆ ಗಾಯವಿಲ್ಲದಿದ್ದರೂ ತಲೆನೋವು, ವಾಕರಿಕೆ, ಮಂಕು ಅಥವಾ ಧ್ವನಿಯಲ್ಲಿ ಗೊಗ್ಗರು ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. 2020ರ ಸಾಂಕ್ರಾಮಿಕದ ಕಾಲದಲ್ಲಿ ಅನೇಕ ಮನೆಗಳು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೊಂಡಿದ್ದವು. ಇಲ್ಲಿ ಅದನ್ನು ನೆಚ್ಚಬಾರದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನು ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ಎಂದು ತೋರಿಸಬಲ್ಲದು. ರೋಗಿಯು ಮುಚ್ಚಿದ ಕೋಣೆಯ ಹೊಗೆಯಲ್ಲಿ ಎಷ್ಟು ಹೊತ್ತು ಇದ್ದನೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿದರೆ, ಅವರು ರಕ್ತಪರೀಕ್ಷೆಗೆ ಕಾಯದೆ ಆಮ್ಲಜನಕವನ್ನು ಕೊಡಲಾರಂಭಿಸುತ್ತಾರೆ.