ನಿಮಗಿದು ಗೊತ್ತೆ? ಅಮೆರಿಕದ ಸ್ವಿಚ್ಚು ಹಿರೇಹಳ್ಳಿಯಲ್ಲಿ ಮೂಕ
ದೀಪ, ಬೀಗ, ಸ್ವಿಚ್ಚುಗಳನ್ನು ತಂತಿಯಿಲ್ಲದೆ ನಿಯಂತ್ರಿಸುವ ಜೆಡ್-ವೇವ್ ವ್ಯವಸ್ಥೆಗೆ ಅಮೆರಿಕದಲ್ಲಿ 908.4 ಮೆಗಾಹರ್ಟ್ಸ್, ಭಾರತದಲ್ಲಿ 865.2 ಮೆಗಾಹರ್ಟ್ಸ್ ಆವರ್ತನ ನಿಗದಿಯಾಗಿರುವುದರಿಂದ, ವಿದೇಶದಲ್ಲಿರುವ ಮಕ್ಕಳು ಅಕ್ಕರೆಯಿಂದ ತಂದುಕೊಟ್ಟ ಸ್ವಿಚ್ಚು ತುಮಕೂರು ಬಳಿಯ ಹಿರೇಹಳ್ಳಿಯ ಮನೆಯಲ್ಲಿ ಇಲ್ಲಿನ ನಿಯಂತ್ರಕದೊಡನೆ ಸಂಪರ್ಕ ಸಾಧಿಸಲಾರದು.

ವಿಶ್ವದಾದ್ಯಂತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸುವ ವೈ-ಫೈ ಮತ್ತು ಜೆಡ್-ವೇವ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಜಿಗ್‌ಬೀಗಳಿಗೆ ಈ ತೊಡಕಿಲ್ಲ. ಜಿಗ್‌ಬೀಯಲ್ಲಿ ಸದಾ ವಿದ್ಯುತ್ ಸಂಪರ್ಕದಲ್ಲಿರುವ ಬಲ್ಬು, ಪ್ಲಗ್ಗುಗಳು ನೆರೆಯ ಸಾಧನದ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ. ಮೆಶ್ ಜಾಲವೆಂದು ಕರೆಯಲಾಗುವ ಈ ಏರ್ಪಾಟಿನಲ್ಲಿ ಬ್ಯಾಟರಿ ಚಾಲಿತ ಸಾಧನಗಳು ಸಾಮಾನ್ಯವಾಗಿ ಸಂದೇಶ ದಾಟಿಸುವುದಿಲ್ಲ, ಮಾತ್ರವಲ್ಲ, ಗೋಡೆಯ ಸ್ವಿಚ್ಚನ್ನು ಆರಿಸಿದರೆ ಬಲ್ಬಿನ ಕೊಂಡಿಯೂ ಕಳಚುತ್ತದೆ. ಸೆಕೆಂಡಿಗೆ ಗರಿಷ್ಠ 250 ಕಿಲೋಬಿಟ್ ವೇಗದ ಜಿಗ್‌ಬೀ ಕ್ಯಾಮೆರಾದ ದೃಶ್ಯವನ್ನು ಸಾಗಿಸಲಾರದಾದ್ದರಿಂದ ಅದಕ್ಕೆ ವೈ-ಫೈಯೇ ಬೇಕು.

2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡವು ಬೇರೆಬೇರೆ ಕಂಪನಿಗಳ ಸಾಧನಗಳಿಗೆ ಸಮಾನ ಭಾಷೆಯನ್ನು ಒದಗಿಸುತ್ತದೆಯಾದರೂ ರೇಡಿಯೊವನ್ನು ಬದಲಿಸುವುದಿಲ್ಲ. ಆದುದರಿಂದ ಹಳೆಯ ಜಿಗ್‌ಬೀ ಬಲ್ಬಿಗೆ ಬ್ರಿಡ್ಜ್ ಎಂಬ ಮಧ್ಯವರ್ತಿ ಪೆಟ್ಟಿಗೆ ಬೇಕಾಗುತ್ತದೆ.

ಮನೆಯಿಂದ ಬಹುದೂರದ ತೆಂಗು, ಅಡಿಕೆ ತೋಟದ ಬೋರ್‌ವೆಲ್ ಮೋಟಾರಿಗೆ ಮಾತ್ರ ಇವೆಲ್ಲಕ್ಕಿಂತ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರೇ ಲೇಸು. ಅಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಸಾಕು.